ಏಳರ ನಂತರ ಒಂಬತ್ತು

ಬೈತಖೋಲದ ಹಳೆಯ ಐಸ್ ಫ್ಯಾಕ್ಟರಿಯಲ್ಲಿ
ಬಾಕ್ಸಿಂಗ್ ಶುರುವಾದಾಗ ಗಂಟೆ ಹೊಡೆಯಲು ನನ್ನನ್ನೇ ಕರೆದರು.
ಮೂವತ್ತು ವರ್ಷ ಅಲ್ಲೇ ಪಾಳಿಯ ಗಂಟೆ ಹೊಡೆದ ಕೈ,
ರೂಢಿ ಇತ್ತು, ಕೆಲಸವಿರಲಿಲ್ಲ.
ಬೋಟು ಕಟ್ಟುವ ಹಗ್ಗಕ್ಕೆ ಹಳೇ ಸೀರೆ ಸುತ್ತಿ
ನಾಲ್ಕು ದಿಕ್ಕಿಗೆ ಬಿಗಿದಿದ್ದರು. ನೆಲಕ್ಕೆ ತಾಡಪಾಲು.
ಎಷ್ಟು ತೊಳೆದರೂ
ಬಿದ್ದವನ ಮೂಗಿಗೆ ಮೊದಲು ಹತ್ತುವುದು ಒಣ ಸಿಗಡಿಯ ವಾಸನೆ.

ಮೂರು ನಿಮಿಷಕ್ಕೆ ಒಂದು ಸುತ್ತು.
ಹತ್ತು ಸೆಕೆಂಡು ಉಳಿದಾಗ ಎರಡು ಹಲಗೆ ತುಂಡು ತಟ್ಟಬೇಕು,
ಆಮೇಲೆ ಗಂಟೆ. ಇಷ್ಟೇ ನನ್ನ ಪಾಲು.
ಉಳಿದವರು ಹುಡುಗರನ್ನು ನೋಡುತ್ತಾರೆ,
ನಾನು ಮುಳ್ಳನ್ನು.

ಮೊನ್ನೆ ನಗರಸಭೆಯ ಮಹಡಿಯಲ್ಲಿ ಸಭೆ:
ಇದು ಇರಬೇಕೋ, ನಿಷೇಧಿಸಬೇಕೋ.
ವಕೀಲ ಶಾನಭಾಗರು ಎದ್ದು ನಿಂತರು.
ಹಾಗಿದ್ದರೆ ಹೆದ್ದಾರಿ ಮುಚ್ಚಿ, ಟ್ರಾಲರು ದಡಕ್ಕೆ ಎಳೆಯಿರಿ.
ಮಳೆಗಾಲದಲ್ಲಿ ಸಮುದ್ರಕ್ಕೂ ನಿಷೇಧವಿದೆಯಲ್ಲ ಸ್ವಾಮಿ,
ಮೀನು ಮರಿಮಾಡಲಿ ಎಂದು;
ಮನುಷ್ಯ ಮುಳುಗುತ್ತಾನೆಂದು ಅಲ್ಲವಲ್ಲ?
ಜನ ನಕ್ಕರು.
ಡಾಕ್ಟರಮ್ಮ ಕೂತಲ್ಲಿಂದಲೇ ಅಂದರು,
ಬೇರೆ ಆಟದಲ್ಲಿ ಪೆಟ್ಟು ತಪ್ಪಿ ಬೀಳುತ್ತದೆ,
ಇದರಲ್ಲಿ ಪೆಟ್ಟಿಗೇ ಅಂಕ.
ಯಾರೂ ಉತ್ತರ ಕೊಡಲಿಲ್ಲ. ಚಹಾ ಬಂತು.

ನಾನು ಹಿಂದಿನ ಬೆಂಚಿನಲ್ಲಿದ್ದೆ.
ರೋಹಿದಾಸ ಬಾನಾವಳಿಯ ಹೆಸರನ್ನು ಯಾರೂ ಎತ್ತಲಿಲ್ಲ,
ಮರ್ಯಾದೆಗೆ ಇರಬೇಕು.

ಅವನಿಗೆ ಹದಿನೇಳು. ಎದುರಿಗೆ ಅಂಕೋಲೆಯ ಹುಡುಗ.
ಮೂರನೇ ಸುತ್ತಿನಲ್ಲಿ ಮಂಡಿಯೂರಿದ.
ರೆಫ್ರಿ ಎಂಟರವರೆಗೆ ಎಣಿಸಿದ, ಕಣ್ಣು ನೋಡಿದ,
ಕೈಗವಸು ತನ್ನ ಅಂಗಿಗೆ ಒರೆಸಿಕೊಂಡ, ಆಡು ಅಂದ.
ಹನ್ನೊಂದು ಸೆಕೆಂಡು ಉಳಿದಿತ್ತು.
ನಾನು ಹಲಗೆ ತಟ್ಟಿದೆ.
ಗಡಿಯಾರ ನನ್ನ ಅಂಗೈಯಲ್ಲಿ, ಬೇರೆ ಯಾರ ಕಣ್ಣೂ ಅದರ ಮೇಲಿಲ್ಲ.
ಹೊಡೆದುಬಿಡಬಹುದಿತ್ತು.
ಐದು ಸೆಕೆಂಡು ಮೊದಲು ಹೊಡೆದಿದ್ದರೆ
ಕಾರವಾರದಲ್ಲಿ ಯಾರಿಗೆ ಗೊತ್ತಾಗುತ್ತಿತ್ತು?
ನಾನು ಪ್ರಾಮಾಣಿಕನಾಗಿದ್ದೆ.

ಈಗ ಅವನು ಮೀನು ಮಾರ್ಕೆಟ್ಟಿನಲ್ಲಿ ತಾಯಿಯ ಬೆನ್ನ ಹಿಂದೆ ಕೂತು
ಕೋಲು ಹಿಡಿದು ಕಾಗೆ ಓಡಿಸುತ್ತಾನೆ.
ಎಡಗೈ ಏಳುವುದಿಲ್ಲ.
ಮಾತು ಬರುತ್ತದೆ, ಬಸ್ಸು ಬಂದ ಹಾಗೆ, ಯಾವಾಗಲಾದರೂ.

ನಿಷೇಧ ಅನ್ನುವ ಶಬ್ದ ನನ್ನ ಬಾಯಿಗೂ ಬಂದಿತ್ತು.
ಆದರೆ ಅವನು ಮೊದಲ ವರ್ಷ ಹಗ್ಗ ಸುತ್ತಿಡುತ್ತ
ಸುಮ್ಮನೆ ಒಂದು ಮಾತು ಹೇಳಿದ್ದ.
ಅಪ್ಪ ಕುಡಿದು ಬಂದು ಹೊಡೆಯುವಾಗ
ಯಾವಾಗ ಮುಗಿಯುತ್ತದೆ ತಿಳಿಯುತ್ತಿರಲಿಲ್ಲ.
ಮನೆಯಲ್ಲಿ ಗಂಟೆ ಇರಲಿಲ್ಲ ಮಾಮಾ.
ಇಲ್ಲಿ ನೀನಿದ್ದೀ.

ಇದನ್ನು ಸಭೆಯಲ್ಲಿ ಹೇಳಲೇ? ಯಾರ ಪರವಾಗಿ?
ಚೀಟಿ ಕೊಟ್ಟಿದ್ದಾರೆ. ಎರಡು ಚೌಕ, ಒಂದಕ್ಕೆ ಗುರುತು.
ಅಂಗಿ ಜೇಬಿನಲ್ಲಿದೆ,
ಬೆವರಿಗೆ ಎರಡು ಚೌಕದ ಗೆರೆಯೂ ಕದಡಿ ಸೇರಿಕೊಂಡಿದೆ.

ಅವನ ತಾಯಿ ಶೇವಂತಿ ಬಂಗಡೆ ಎಣಿಸುವುದನ್ನು
ನೀವು ಒಮ್ಮೆ ಕೇಳಬೇಕು.
ಏಕ್, ದೋನ್, ತೀನ್, ಬೆರಳಿನ ಓಟ, ಸಾತ್,
ಅಲ್ಲಿ ಒಂದು ಉಸಿರು,
ನವ್, ಧಾ.
ಎಂಟು ಹೇಳುವುದಿಲ್ಲ.
ನಮ್ಮ ಕೊಂಕಣಿಯಲ್ಲಿ ಎಂಟಕ್ಕೆ ಆಟ್.
ಅವತ್ತು ಆಸ್ಪತ್ರೆಯಿಂದ ಬಂದ ಮೇಲೆ
ಆ ಅಂಕಿಯನ್ನು ಅವಳು ಬಾಯಿಂದ ತೆಗೆದೇ ಹಾಕಿದ್ದಾಳೆ.
ಹತ್ತರ ದುಡ್ಡಿಗೆ ಒಂಬತ್ತು ಮೀನು.
ಚೌಕಾಸಿಯಲ್ಲಿ ಎಂಟಾಣೆ ಬಿಡದ ಕೋಡಿಬಾಗದ ಹೆಂಗಸರೂ
ಚೀಲ ಮುಚ್ಚಿ ನಡೆಯುತ್ತಾರೆ.
ಇಡೀ ಪೇಟೆಯಲ್ಲಿ ಈ ಒಂದು ಮೋಸಕ್ಕೆ ಸಾಕ್ಷಿ ಇಲ್ಲ.

ಇವತ್ತು ನಾನೂ ಹೋಗಿ ಹತ್ತು ಬಂಗಡೆ ಅಂದೆ.
ಸಾತ್, ಅಂದಳು. ಉಸಿರೆಳೆದಳು.
ಹಿಂದಿನಿಂದ ರೋಹಿದಾಸ,
ಕೋಲನ್ನು ಬುಟ್ಟಿಯ ಅಂಚಿಗೆ ಎರಡು ಸಲ ತಟ್ಟಿ,
ಥೇಟ್ ನನ್ನ ಹಲಗೆಯ ಹಾಗೆ,
ಆಟ್
ಅಂದ.

ಅವಳ ಕೈ ನಿಂತಿತು.
ಲೆಕ್ಕ ತಿದ್ದಿದನೋ, ಆಟ ಕೇಳಿದನೋ,
ಅವಳೂ ತಿರುಗಿ ನೋಡಲಿಲ್ಲ, ನಾನೂ ಕೇಳಲಿಲ್ಲ.
ಒಂದು ಮೀನು ಕೈಯಲ್ಲೇ ಇತ್ತು,
ನೀರು ಸೋರುತ್ತ,
ಹನ್ನೊಂದು ಸೆಕೆಂಡಿಗಿಂತ ಹೆಚ್ಚೇ ಹೊತ್ತು.